ಮೂರು ಸೋಲಿಗೆ ಗಂಟುಮೂಟೆ: ಕ್ವಾದ್ರಾತ್ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಬೆಂಗಳೂರಿನಲ್ಲಿ ಎಂದೂ ಬರ ಬಂದದ್ದಿಲ್ಲ. ಸೋತೆತ್ತನ್ನು ಸಂತೆಗೆ ಹೊಡೆಯುವವರಿಗೂ ಬರವಿಲ್ಲ. 2019ರ ಮಾರ್ಚ್ 17ರ ರಾತ್ರಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್ ಕಪ್ ಎತ್ತಿದಾಗ, ತಂಡದ ಮುಖ್ಯ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್ ಊರಿಗೇ ದೊಡ್ಡ ಮನುಷ್ಯ. ಅದೇ ಮನುಷ್ಯ 2021ರ ಜನವರಿ 6ರಂದು ಕೆಲಸದಲ್ಲಿರಲಿಲ್ಲ. ಆತ ಮಾಡಿದ ಅಪರಾಧ, ಸಾಲಾಗಿ ಮೂರು ಪಂದ್ಯ ಸೋತದ್ದು. ಮೂರನೆಯ ಸೋಲಿಗೂ ಬೀಳ್ಕೊಡುಗೆಗೂ ನಡುವೆ ಒಂದು ರಾತ್ರಿ ಮಾತ್ರ ಕಳೆದಿತ್ತು.

ಕ್ಲಬ್ಬಿನವರು ಇದನ್ನು 'ವಜಾ' ಎನ್ನಲಿಲ್ಲ. 'ಪರಸ್ಪರ ಒಪ್ಪಿಗೆಯಿಂದ ಬೇರ್ಪಟ್ಟಿದ್ದೇವೆ' ಎಂಬ ಅರ್ಥದ ಪ್ರಕಟಣೆ ಹೊರಬಿತ್ತು. ಪರಸ್ಪರ ಒಪ್ಪಿಗೆ ಅಂದರೇನು ಎಂಬುದು ಕಾರ್ಖಾನೆ ಗೇಟಿನ ಹೊರಗೆ ನಿಂತ ಯಾವ ನೌಕರನನ್ನು ಕೇಳಿದರೂ ಗೊತ್ತಾಗುತ್ತದೆ. ಧಣಿ ಒಪ್ಪಿದ, ಆಳಿಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಅಷ್ಟೇ.

ಹೋದವನು ಹೋದ, ಈಗೇಕೆ ಆ ಹಳೇ ಕಡತ ಎಂದು ಕೆಲವರು ಕೇಳಬಹುದು. ಕೇಳಲಿ. ಕ್ರಿಕೆಟ್ ಬಿಟ್ಟರೆ ಬೇರೆ ಆಟಕ್ಕೆ ಜನ ಸೇರುವುದಿಲ್ಲ ಎಂಬ ಮಾತನ್ನು ಕಂಠೀರವ ಕ್ರೀಡಾಂಗಣದಲ್ಲಿ ಸುಳ್ಳು ಮಾಡಿದ ತಂಡ ಇದು. ಈ ತಂಡವನ್ನು ಕಟ್ಟಿದವರು ಯಾರು, ಕೆಡಿಸಿದವರು ಯಾರು ಎಂಬ ಲೆಕ್ಕ ಊರಿಗೆ ಬೇಕು. ನಾಲ್ಕು ವರ್ಷ ದಾಟಿದ ಮೇಲೆ ಲೆಕ್ಕ ಹಾಕುವುದರಲ್ಲಿ ಒಂದು ಅನುಕೂಲವೂ ಇದೆ. ಅಂದಿನ ಬಿಸಿ ಆರಿದೆ, ಅಂಕಿ ಮಾತ್ರ ಉಳಿದಿದೆ.

ಕೈಗೆ ಬಂದದ್ದು ಏನು?

ಮೊದಲು ಕ್ವಾದ್ರಾತ್ ಕೈಗೆ ಸಿಕ್ಕಿದ್ದು ಏನು ಎಂಬುದನ್ನು ನೋಡಬೇಕು. ಅದು ಬರಿಗೈಯಲ್ಲ, ತುಂಬಿದ ಮನೆ. ಜೆಎಸ್‌ಡಬ್ಲ್ಯು ಕಂಪನಿ 2013ರಲ್ಲಿ ಈ ಕ್ಲಬ್ ಹುಟ್ಟುಹಾಕಿತು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಕೈಕೆಳಗೆ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. ಆಮೇಲೆ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಅವರ ಕಾಲದಲ್ಲಿ, 2016ರ ನವೆಂಬರಿನಲ್ಲಿ, ತಂಡ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಗಿ ದೋಹಾದಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1ರಲ್ಲಿ ಸೋತಿತು. ಆ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಇದು. 2017-18ರಲ್ಲಿ ಸೂಪರ್ ಲೀಗಿಗೆ ಕಾಲಿಟ್ಟ ವರ್ಷವೇ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ನೆತ್ತಿಯ ಮೇಲೆ ಕೂತಿತು. ಆದರೆ ಫೈನಲ್ಲಿನಲ್ಲಿ, ಅದೂ ಸ್ವಂತ ಕಂಠೀರವದಲ್ಲಿ, ಚೆನ್ನೈಯಿನ್ ತಂಡಕ್ಕೆ 2-3ರಲ್ಲಿ ಸೋತು ತಲೆ ತಗ್ಗಿಸಿತು.

ರೋಕಾಗೆ ಸಹಾಯಕರಾಗಿ 2016ರಿಂದ ಇಲ್ಲೇ ಇದ್ದವರು ಈ ಕ್ವಾದ್ರಾತ್. ರೋಕಾ ಹೊರಟ ಮೇಲೆ, 2018ರಲ್ಲಿ, ಸಹಾಯಕನನ್ನೇ ದೊಡ್ಡ ಕುರ್ಚಿಗೆ ಏರಿಸಿದರು. ಹೊಸಬನಿಗೆ ಸಿಗದ ಅನುಕೂಲ ಅವರಿಗೆ ಸಿಕ್ಕಿತು. ಹುಡುಗರ ಗುಣ ಗೊತ್ತು, ಮೈದಾನ ಗೊತ್ತು, ಊರು ಗೊತ್ತು. ಹಾಗೆಯೇ ಹೊಸಬನಿಗೆ ಇಲ್ಲದ ಹೊರೆಯೂ ಬಿತ್ತು. ಗೆದ್ದರೆ 'ರೋಕಾ ಕಟ್ಟಿದ ತಂಡ' ಎನ್ನುತ್ತಾರೆ, ಸೋತರೆ 'ಕ್ವಾದ್ರಾತ್ ಕೆಡಿಸಿದ ತಂಡ' ಎನ್ನುತ್ತಾರೆ. ಹಿರಿಮಗನ ಮನೆ ನಡೆಸುವ ಕಿರಿಯನ ಪಾಡು ಯಾವತ್ತೂ ಇದೇ.

ಆರಂಭವೇ ಎಡವಟ್ಟು. 2018ರ ಆಗಸ್ಟಿನಲ್ಲಿ ಎಎಫ್‌ಸಿ ಕಪ್ಪಿನಲ್ಲಿ ತುರ್ಕ್‌ಮೆನಿಸ್ತಾನದ ಆಲ್ತಿನ್ ಅಸಿರ್ ತಂಡ ಇಲ್ಲಿ 3-2, ಅಲ್ಲಿ 2-0 ಎಂದು ಎರಡೂ ಕಡೆ ಹೊಡೆದು ಕಳಿಸಿತು. ಅಂದೇ ಗುಸುಗುಸು ಶುರುವಾಗಬಹುದಿತ್ತು. ಆಗಲಿಲ್ಲ. ಮುಂದೆ ನಡೆದದ್ದು ಈ ಕ್ಲಬ್ಬಿನ ಚರಿತ್ರೆಯ ಅತಿ ದೊಡ್ಡ ವರ್ಷ.

ಕಪ್ ಬಂದ ವರ್ಷ

2018-19ರಲ್ಲಿ 18 ಪಂದ್ಯಕ್ಕೆ 34 ಅಂಕ. ಗೋವಾ ತಂಡಕ್ಕೂ ಅಷ್ಟೇ ಅಂಕ. ಆದರೆ ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಮೇಲೆ ನಿಂತದ್ದು ಬೆಂಗಳೂರು. ಸೆಮಿಫೈನಲ್ಲಿನ ಮೊದಲ ಪಂದ್ಯವನ್ನು ಗುವಾಹಟಿಯಲ್ಲಿ ನಾರ್ತ್ ಈಸ್ಟ್ ಎದುರು 1-2ರಲ್ಲಿ ಕಳೆದುಕೊಂಡು ಬಂದವರು ಕಂಠೀರವದಲ್ಲಿ 3-0ರಲ್ಲಿ ಬಡ್ಡಿ ಸಮೇತ ತೀರಿಸಿದರು. ಫೈನಲ್ಲಿನಲ್ಲಿ ಎದುರಿಗೆ ಮತ್ತೆ ಗೋವಾ. ಆ ವರ್ಷ ಗೋಲಿನ ಮಳೆ ಸುರಿಸಿದ್ದ ಗೋವಾವನ್ನು 90 ನಿಮಿಷ ಕಟ್ಟಿಹಾಕಿ, ಹೆಚ್ಚುವರಿ ಅವಧಿಗೆ ಎಳೆದು, ಇನ್ನೇನು ಮೂರ್ನಾಲ್ಕು ನಿಮಿಷ ಇದೆ ಎನ್ನುವಾಗ ಕಾರ್ನರ್ ಒದೆತಕ್ಕೆ ರಾಹುಲ್ ಭೆಕೆ ತಲೆ ಕೊಟ್ಟರು. 1-0. ಕಪ್ ಬಂತು.

ಇದರ ತೂಕ ಎಷ್ಟು ಎಂಬುದು ಈಗ ಮರೆತುಹೋಗಿದೆ. ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಕಪ್ಪನ್ನೂ ಗೆದ್ದದ್ದು ಸೂಪರ್ ಲೀಗಿನಲ್ಲಿ ಅದೇ ಮೊದಲು. ಅದಕ್ಕೂ ಮುಂಚಿನ ನಾಲ್ಕು ವರ್ಷ ಮೊದಲ ಸ್ಥಾನದವರೆಲ್ಲ ಸೆಮಿಫೈನಲ್ಲಿನಲ್ಲೋ ಫೈನಲ್ಲಿನಲ್ಲೋ ಮುಗ್ಗರಿಸಿದ್ದರು. ರೋಕಾಗೂ ಆಗದ್ದು ಅವರ ಸಹಾಯಕನಿಗೆ ಆಯಿತು. ಅಲ್ಲಿಂದ 2024-25ರ ಋತು ಮುಗಿಯುವವರೆಗೆ ಬೆಂಗಳೂರು ಎರಡು ಸಲ ಫೈನಲ್ ಮುಟ್ಟಿತು, ಎರಡೂ ಸಲ ಸೋತಿತು. ಆ ಕಪಾಟಿನಲ್ಲಿದ್ದ ಸೂಪರ್ ಲೀಗ್ ಕಪ್ ಒಂದೇ ಒಂದು. ಅದರ ಮೇಲಿರುವುದು ಕ್ವಾದ್ರಾತ್ ಕೈಗುರುತು.

ದೋಷ ಇರಲಿಲ್ಲವೇ?

ಇತ್ತು. ಹೊಗಳುಭಟರ ಕೆಲಸ ಬೇರೆ, ಲೆಕ್ಕಪತ್ರದ ಕೆಲಸ ಬೇರೆ. 40, 34, 30. ಇವು ಮೂರು ವರ್ಷಗಳ ಅಂಕಗಳು, ಮೂರೂ ವರ್ಷ ಆಡಿದ್ದು 18 ಪಂದ್ಯ. ಮೊದಲನೆಯದು ರೋಕಾ ಕಾಲದ್ದು, ಉಳಿದೆರಡು ಕ್ವಾದ್ರಾತ್ ಕಾಲದ್ದು. ಇಳಿಜಾರು ಕಣ್ಣಿಗೆ ಕಾಣುತ್ತದೆ. ಕಪ್ ಬಂದ ವರ್ಷ ಆ ಇಳಿಜಾರಿನ ಮೇಲೆ ಕಪ್ಪಿನ ನೆರಳು ಬಿದ್ದು ಯಾರಿಗೂ ಕಾಣಲಿಲ್ಲ.

2019-20ರಲ್ಲಿ ಆಟ ಒಣಗಿತು. 18 ಪಂದ್ಯಕ್ಕೆ ಹೊಡೆದ ಗೋಲು 22. ಗೋವಾ ಅದೇ ವರ್ಷ 46 ಹೊಡೆದಿತ್ತು. ಗೋಲು ಹೊಡೆಯುತ್ತಿದ್ದ ವೆನೆಜುವೆಲಾದ ಮಿಕು 2019ರಲ್ಲಿ ಬಿಟ್ಟುಹೋದರು. ಅವರ ಜಾಗ ತುಂಬುವವರು ಸಿಗಲಿಲ್ಲ. ತಂದ ಮಾನುಯೆಲ್ ಒನ್ವು ಇಲ್ಲಿ ಮಂಕಾಗಿದ್ದು, ಸಾಲದ ಮೇಲೆ ಒಡಿಶಾಕ್ಕೆ ಹೋದದ್ದೇ ತಡ ಗೋಲಿನ ಮೇಲೆ ಗೋಲು ಹೊಡೆದರು. ಇಲ್ಲಿ ಬಿತ್ತಿದ ಬೀಜ ಪಕ್ಕದ ಹೊಲದಲ್ಲಿ ಮೊಳೆತ ಹಾಗಾಯಿತು. ಬೆಂಗಳೂರಿಗೆ ಗೋಲು ಬರುತ್ತಿದ್ದದ್ದು ಹೆಚ್ಚಾಗಿ ಕಾರ್ನರ್, ಫ್ರೀ ಕಿಕ್‌ಗಳಿಂದ. ದಿಮಾಸ್ ದೆಲ್ಗಾದೊ ಚೆಂಡು ಇಡಬೇಕು, ಯಾರಾದರೂ ಎತ್ತರದವರು ತಲೆ ಕೊಡಬೇಕು. ದುಡ್ಡು ಕೊಟ್ಟು ಬಂದವರು ಆಟ ನೋಡಲು ಬಂದಿದ್ದರು, ಕಾರ್ನರ್ ಎಣಿಸಲು ಅಲ್ಲ.

ಏಷ್ಯಾದ ಕಡೆಯೂ ಕೈ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಭೂತಾನಿನ ಪಾರೋ ತಂಡವನ್ನು ಕಂಠೀರವದಲ್ಲಿ 9-1ರಲ್ಲಿ ಚಚ್ಚಿದವರು, ಮುಂದಿನ ಸುತ್ತಿನಲ್ಲಿ ಮಾಲ್ದೀವ್ಸ್‌ನ ಮಾಜಿಯಾ ಎದುರು ಪೆನಾಲ್ಟಿ ಒದೆತಗಳಲ್ಲಿ ಸೋತು ಹೊರಬಿದ್ದರು. ಎಎಫ್‌ಸಿ ಕಪ್ ಫೈನಲ್ ಆಡಿದ ಕ್ಲಬ್ಬಿಗೆ ಇದು ಶೋಭೆಯ ಮಾತಲ್ಲ. ಮಾರ್ಚಿನಲ್ಲಿ ಲೀಗ್ ಸೆಮಿಫೈನಲ್: ಕೋಲ್ಕತ್ತದ ಎಟಿಕೆಯನ್ನು ಇಲ್ಲಿ 1-0ರಲ್ಲಿ ಸೋಲಿಸಿ ಹೋಗಿ, ಅಲ್ಲಿ 1-3ರಲ್ಲಿ ಸೋತು ಒಟ್ಟು 2-3ಕ್ಕೆ ಮನೆಗೆ ಬಂದರು.

ಇಷ್ಟೂ ನಿಜ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದೆ ಬಿಟ್ಟರೆ ಲೆಕ್ಕ ಕಳ್ಳಲೆಕ್ಕವಾಗುತ್ತದೆ. 22 ಗೋಲು ಹೊಡೆದ ಅದೇ ವರ್ಷ ಬಿಟ್ಟುಕೊಟ್ಟದ್ದು 13 ಮಾತ್ರ. ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು 2018-19, 2019-20 ಎರಡೂ ವರ್ಷ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದರು. ಬಾಗಿಲು ಭದ್ರ ಮಾಡುವುದೂ ಕೋಚಿನ ಕೆಲಸವೇ. ಆಡಿದ ಎರಡು ಪೂರ್ತಿ ವರ್ಷಗಳಲ್ಲಿ ಒಂದು ಸಲ ಕಪ್, ಒಂದು ಸಲ ಸೆಮಿಫೈನಲ್. ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಆಡಿ ಬಂದ ಸುರೇಶ್ ಸಿಂಗ್ ವಾಂಗ್ಜಂ ದೊಡ್ಡವರ ನಡುವೆ ನಿಂತು ಆಡಿದ್ದು ಕ್ವಾದ್ರಾತ್ ಕಾಲದಲ್ಲಿ. ನಿಶು ಕುಮಾರ್ ಭಾರತ ತಂಡಕ್ಕೆ ಕಾಲಿಟ್ಟು 2018ರ ನವೆಂಬರಿನಲ್ಲಿ ಜೋರ್ಡಾನ್ ಮೇಲೆ ಗೋಲು ಹೊಡೆದಾಗಲೂ ಆತ ಬೆಂಗಳೂರಿನ ಆಟಗಾರ.

ಗೋವಾದ ಆ ಒಂಬತ್ತು ಪಂದ್ಯ

ಇನ್ನು ಕೊನೆಯ ಅಧ್ಯಾಯ. 2020-21ರಲ್ಲಿ ಕೋವಿಡ್ ಕಾಟ. ಇಡೀ ಲೀಗನ್ನು ಗೋವಾದಲ್ಲಿ, ಪ್ರೇಕ್ಷಕರಿಲ್ಲದ ಖಾಲಿ ಮೈದಾನಗಳಲ್ಲಿ ಆಡಿಸಿದರು. ಕಂಠೀರವದ ಕೂಗು ಇಲ್ಲ, ಮನೆ ಇಲ್ಲ, ಹೋಟೆಲ್ ಕೋಣೆಯೇ ಸೆರೆಮನೆ. ಎಲ್ಲ ತಂಡಕ್ಕೂ ಅದೇ ಗತಿ, ನಿಜ. ಆದರೆ ಜನರ ಬಲದ ಮೇಲೆ ನಿಂತ ತಂಡಕ್ಕೆ ನಷ್ಟ ಒಂದು ತೂಕ ಹೆಚ್ಚೇ.

ಮೊದಲ ಆರು ಪಂದ್ಯಗಳಲ್ಲಿ ಬೆಂಗಳೂರು ಸೋಲಲೇ ಇಲ್ಲ. ಮೂರು ಗೆಲುವು, ಮೂರು ಸಮ. ಕೇರಳದ ಮೇಲೆ 4-2. ಆಮೇಲೆ ಡಿಸೆಂಬರ್ 21ರಂದು ಎಟಿಕೆ ಮೋಹನ್ ಬಾಗಾನ್‌ಗೆ 0-1, 28ರಂದು ಜಮ್‌ಶೆಡ್‌ಪುರಕ್ಕೆ 0-1, ಜನವರಿ 5ರಂದು ಮುಂಬೈಗೆ 1-3. ಒಟ್ಟು ಒಂಬತ್ತು ಪಂದ್ಯ, 12 ಅಂಕ. ಇನ್ನೂ ಹನ್ನೊಂದು ಪಂದ್ಯ ಬಾಕಿ. ಆಡಳಿತ ಮಂಡಳಿಗೂ ತರಬೇತುದಾರನಿಗೂ ಮುಂದಿನ ದಾರಿಯ ಬಗ್ಗೆ ಒಮ್ಮತವಿಲ್ಲ ಎಂಬುದು ಹೊರಬಂದ ಕಾರಣ. ಒಮ್ಮತ ಇಲ್ಲದಿರುವುದು ಮೂರನೆಯ ಸೋಲಿನ ಮಾರನೆಯ ಬೆಳಗ್ಗೆಯೇ ಗೊತ್ತಾಯಿತೇ? ಮೊದಲೇ ಗೊತ್ತಿದ್ದರೆ ಹೊಸ ಋತು ಶುರುವಾಗುವ ಮುಂಚೆಯೇ ಕೈಮುಗಿದು ಕಳಿಸಬಹುದಿತ್ತಲ್ಲ!

ಕಳಿಸಿ ಆದ ಲಾಭವೇನು? ಸಹಾಯಕರಾಗಿದ್ದ ನೌಷಾದ್ ಮೂಸಾ ತಾತ್ಕಾಲಿಕವಾಗಿ ಕುರ್ಚಿ ಹಿಡಿದರು. ಮುಂದಿನ ಐದು ಪಂದ್ಯ ಗೆಲುವೇ ಇಲ್ಲ. ಎರಡು ಸೋಲು, ಮೂರು ಸಮ. ವರ್ಷದ ಕೊನೆಗೆ 20 ಪಂದ್ಯಕ್ಕೆ 22 ಅಂಕ, ಏಳನೆಯ ಸ್ಥಾನ. ಕೂಡಿ ಕಳೆಯಲು ಮೇಷ್ಟ್ರು ಬೇಕಿಲ್ಲ. ಕ್ವಾದ್ರಾತ್ ಇದ್ದ 9 ಪಂದ್ಯದಲ್ಲಿ 12 ಅಂಕ, ಅವರನ್ನು ಕಳಿಸಿದ ಮೇಲಿನ 11 ಪಂದ್ಯದಲ್ಲಿ 10 ಅಂಕ. ರೋಗ ಕೋಚಿನಲ್ಲೇ ಇದ್ದಿದ್ದರೆ ಕೋಚ್ ಹೋದ ಮೇಲೆ ಜ್ವರ ಇಳಿಯಬೇಕಿತ್ತು. ಇಳಿಯಲಿಲ್ಲ, ಏರಿತು. ಇದರಲ್ಲಿ ಮೂಸಾ ಅವರ ತಪ್ಪು ಹುಡುಕುವುದು ಅನ್ಯಾಯ. ಉರಿಯುವ ಮನೆಯ ಬೀಗದ ಕೈ ಅವರ ಕೈಗೆ ಕೊಟ್ಟಿದ್ದರು, ಅಷ್ಟೇ.

ಆಮೇಲೆ ಬಂದವರು

2021ರ ಫೆಬ್ರುವರಿಯಲ್ಲಿ ಮಾರ್ಕೊ ಪೆಝೈವೊಲಿ ಬಂದರು. 2021-22ರಲ್ಲಿ ತಂಡ ಆರನೆಯ ಸ್ಥಾನ. ಅವರೂ ಹೋದರು. 2022ರ ಜೂನಿನಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ಅದೇ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು, 2023ರ ಮಾರ್ಚಿನಲ್ಲಿ ಲೀಗ್ ಫೈನಲ್ಲಿಗೆ ಕರೆದೊಯ್ದರು, ಪೆನಾಲ್ಟಿಯಲ್ಲಿ ಸೋತರು. ಆ ವರ್ಷ ಬಂದದ್ದು 20 ಪಂದ್ಯಕ್ಕೆ 34 ಅಂಕ. ಊರು ಮತ್ತೆ ಬಾಲ ಹಿಡಿಯಿತು. ಡಿಸೆಂಬರ್ ಬರುವಷ್ಟರಲ್ಲಿ ಗ್ರೇಸನ್ ಗಂಟೂ ಕಟ್ಟಿಯಾಗಿತ್ತು. ಕಂಠೀರವದಲ್ಲಿ ಮುಂಬೈ ಎದುರು 0-4ರ ಸೋಲಿನ ಮಾರನೆಯ ದಿನ, 2023ರ ಡಿಸೆಂಬರ್ 9ರಂದು, ಅವರನ್ನೂ ಬಿಡುಗಡೆ ಮಾಡಿದರು. ಮತ್ತದೇ ಮಾರನೆಯ ದಿನ!

ಆಗ ಹುಡುಕಿ ತಂದದ್ದು ಯಾರನ್ನು? ಜೆರಾರ್ಡ್ ಝರಗೋಝಾ ಅವರನ್ನು. ಈ ಝರಗೋಝಾ ಯಾರು? ಕಪ್ ಗೆದ್ದ 2018-19ರಲ್ಲಿ ಕ್ವಾದ್ರಾತ್ ಪಕ್ಕದಲ್ಲಿ ಸಹಾಯಕರಾಗಿ ಕೂತಿದ್ದವರು. ಗುರುವನ್ನು ಹೊರಗೆ ಕಳಿಸಿ ಮೂರು ವರ್ಷ ಊರೂರು ಸುತ್ತಿ, ಕೊನೆಗೆ ಶಿಷ್ಯನ ಮನೆ ಬಾಗಿಲು ತಟ್ಟಿದ ಕಥೆ ಇದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ. ಆ ಬುದ್ಧಿಯೂ ಕೂಡಲೇ ಫಲ ಕೊಡಲಿಲ್ಲ. 2023-24ರಲ್ಲಿ ತಂಡ 12ರಲ್ಲಿ ಹತ್ತನೆಯದು. ಆದರೆ ಆ ಸಲ ಕ್ಲಬ್ಬಿನವರು ಕೊಡಲಿ ಎತ್ತಲಿಲ್ಲ, ಕಾದರು. ಮುಂದಿನ ವರ್ಷ ಅದೇ ಝರಗೋಝಾ ತಂಡವನ್ನು 38 ಅಂಕದೊಂದಿಗೆ ಮೂರನೆಯ ಸ್ಥಾನಕ್ಕೂ, 2025ರ ಏಪ್ರಿಲ್ 12ರ ಫೈನಲ್ಲಿಗೂ ತಂದರು. ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1-2ರಲ್ಲಿ ಸೋತರು, ಅದು ಬೇರೆ ಮಾತು. ಹತ್ತನೆಯ ಸ್ಥಾನದವನಿಗೆ ಸಿಕ್ಕ ತಾಳ್ಮೆ, ಕಪ್ ತಂದವನಿಗೆ ಏಕೆ ಸಿಗಲಿಲ್ಲ?

ಹೋದ ಕ್ವಾದ್ರಾತ್ ಏನಾದರು? 2023ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆಯಿತು. ಸೋತು ಸೊರಗಿದ್ದ ದೊಡ್ಡ ಮನೆತನ ಅದು. ಆ ವರ್ಷವೇ ಡ್ಯುರಾಂಡ್ ಫೈನಲ್. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾವನ್ನು 3-2ರಲ್ಲಿ ಸೋಲಿಸಿ ಸೂಪರ್ ಕಪ್. ಈಸ್ಟ್ ಬೆಂಗಾಲ್‌ಗೆ ರಾಷ್ಟ್ರಮಟ್ಟದ ಕಪ್ ಬಂದದ್ದು 12 ವರ್ಷಗಳ ಮೇಲೆ. ಆ ಫೈನಲ್ಲಿನ ಗೆಲುವಿನ ಗೋಲು ಹೊಡೆದವರು ಬ್ರೆಜಿಲಿನ ಕ್ಲೇಟನ್ ಸಿಲ್ವಾ. ಕ್ಲೇಟನ್ ಈ ದೇಶಕ್ಕೆ ಬಂದದ್ದು 2020ರಲ್ಲಿ, ಬೆಂಗಳೂರಿಗೆ, ಕ್ವಾದ್ರಾತ್ ಕಾಲದಲ್ಲಿ.

ಹಾಗೆಂದು ಕೋಲ್ಕತ್ತದವರು ಹೆಚ್ಚು ಧರ್ಮವಂತರು ಎಂದೇನೂ ಅಲ್ಲ. 2024-25ರ ಲೀಗ್ ಶುರುವಾಯಿತು. ಮೊದಲ ಪಂದ್ಯ ಸೆಪ್ಟೆಂಬರ್ 14ರಂದು ಇದೇ ಕಂಠೀರವದಲ್ಲಿ, ಬೆಂಗಳೂರಿಗೆ 0-1. ಆಮೇಲೆ ಕೇರಳಕ್ಕೆ, ಗೋವಾಕ್ಕೆ. ಮತ್ತೆ ಮೂರು ಸೋಲು, ಮತ್ತೆ ಗಂಟುಮೂಟೆ. ಆ ತಿಂಗಳ ಕೊನೆಯ ದಿನ ಕ್ವಾದ್ರಾತ್ ರಾಜೀನಾಮೆ. ಮೂರರ ಶನಿ ಆ ಮನುಷ್ಯನನ್ನು ಎಲ್ಲಿ ಹೋದರೂ ಬಿಡಲಿಲ್ಲ. ಅಥವಾ ಈ ದೇಶದ ಕ್ಲಬ್ಬುಗಳ ತಾಳ್ಮೆ ಇರುವುದೇ ಮೂರು ಪಂದ್ಯದಷ್ಟು.

ಕೇಳಬೇಕಾದವರನ್ನು ಕೇಳುವವರಿಲ್ಲ

ಪ್ರಶ್ನೆ ಒಬ್ಬ ಸ್ಪೇನ್‌ನವನದಲ್ಲ. ಆತ ಒಳ್ಳೆಯ ಸಂಬಳ ತೆಗೆದುಕೊಂಡ, ಕೆಲಸ ಮಾಡಿದ, ಹೋದ. 2021ರ ಜನವರಿಯಿಂದ 2023ರ ಡಿಸೆಂಬರ್ ಒಳಗೆ ಖಾಯಂ ಕೋಚುಗಳಾಗಿ ಬಂದವರು ಮೂವರು, ನಡುನಡುವೆ ತಾತ್ಕಾಲಿಕದವರು ಬೇರೆ. ಪ್ರತಿ ಕೋಚಿಗೂ ಒಂದು ಆಟದ ರೀತಿ, ಆ ರೀತಿಗೆ ತಕ್ಕ ಆಟಗಾರರು, ಆ ಆಟಗಾರರಿಗೆ ದುಡ್ಡು. ಕೋಚ್ ಹೋದ ಮೇಲೆ ಅವರೆಲ್ಲ ಮುಂದಿನ ಕೋಚಿಗೆ ಬೇಡವಾದ ಸಾಮಾನು. ಇದನ್ನು ನೆಲ ಡೊಂಕು ಎನ್ನಬೇಕೋ, ಕುಣಿತ ಬಾರದು ಎನ್ನಬೇಕೋ? ಕೋಚಿನ ಸೋಲು ಪಟ್ಟಿಯಲ್ಲಿ ಕಾಣುತ್ತದೆ. ಕೋಚನ್ನು ಆರಿಸಿದವರ ಸೋಲು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಇನ್ನೊಂದು ಕೊರತೆ ಕ್ವಾದ್ರಾತ್ ಒಬ್ಬರದ್ದೇ ಅಲ್ಲ, ಎಲ್ಲರದ್ದೂ. ಹೆಸರು ಬೆಂಗಳೂರಿನದು, ಆದರೆ ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ಈ ನೆಲದ ಹುಡುಗರನ್ನು ಎಣಿಸಲು ಒಂದು ಕೈಬೆರಳೇ ಹೆಚ್ಚು. ಲಂಡನ್ ಒಲಿಂಪಿಕ್ಸಿನಲ್ಲಿ 1948ರಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ರಾಮನ್ ಈ ಊರಿನವರು. ರೋವರ್ಸ್ ಕಪ್ಪನ್ನು 1937ರಲ್ಲೂ 1938ರಲ್ಲೂ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಎತ್ತಿತು. ಹುಡುಗರಿಲ್ಲ ಎಂಬ ಮಾತಿಗೆ ಅದೇ ಉತ್ತರ. ಮೂರು ಪಂದ್ಯದ ಮೇಲೆ ಕತ್ತಿ ತೂಗುತ್ತಿರುವ ಯಾವ ಕೋಚ್ ತಾನೇ ಆಸ್ಟಿನ್ ಟೌನಿನ ಹದಿನೆಂಟರ ಹುಡುಗನನ್ನು ಧೈರ್ಯವಾಗಿ ಮೈದಾನಕ್ಕೆ ಇಳಿಸಿಯಾನು? ನಾಳೆಯ ಬೆಳೆಗೆ ಇಂದು ಗೊಬ್ಬರ ಹಾಕುವವನು ನಾಳೆ ಆ ಹೊಲದಲ್ಲಿ ಇರುತ್ತೇನೆಂಬ ನಂಬಿಕೆ ಇದ್ದವನು ಮಾತ್ರ.

2025ರ ಆಗಸ್ಟಿನಲ್ಲಿ, ಲೀಗಿನ ಭವಿಷ್ಯವೇ ಗೊತ್ತಿಲ್ಲ ಎಂಬ ಕಾರಣ ಕೊಟ್ಟು, ಇದೇ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆ ಬಿಕ್ಕಟ್ಟು ಹುಟ್ಟಿದ್ದು ಕ್ಲಬ್ಬಿನಲ್ಲಲ್ಲ, ದೇಶದ ಫುಟ್‌ಬಾಲ್ ನಡೆಸುವವರ ಒಪ್ಪಂದದ ತಕರಾರಿನಲ್ಲಿ. ಆದರೂ ಸಂಬಳಕ್ಕೇ ಕುತ್ತು ಬಂದ ಮೇಲಾದರೂ, ವರ್ಷಕ್ಕೊಂದು ಕೋಚ್ ಬದಲಿಸುವ ಚಪಲ ಎಷ್ಟು ದುಬಾರಿ ಎಂಬುದು ಅರ್ಥವಾಗಬೇಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವುದು ಹಳೇ ಚಾಳಿ. ಇಲ್ಲಿ ಆದದ್ದು ಇನ್ನೂ ವಿಚಿತ್ರ. ಒಂದು ಹೊಳೆ ದಾಟಿಸಿದವನನ್ನು ಎರಡನೆಯ ಹೊಳೆಯ ನಟ್ಟನಡುವೆ ದೋಣಿಯಿಂದ ಇಳಿಸಿದರು, ದೋಣಿ ತೇಲಿದ್ದು ಏಳನೆಯ ಸ್ಥಾನಕ್ಕೆ. ಕ್ವಾದ್ರಾತ್ ತಪ್ಪಿಲ್ಲದ ಕೋಚಲ್ಲ. 2020ರ ಮಾರ್ಚಿನಲ್ಲೇ ಕೂರಿಸಿಕೊಂಡು, 'ಗೋಲು ಬರುತ್ತಿಲ್ಲ, ಏನು ಮಾಡೋಣ' ಎಂದು ಲೆಕ್ಕ ಕೇಳಿ ಕಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಗ ಕೇಳದೆ, ಹತ್ತು ತಿಂಗಳ ಮೇಲೆ ಒಂಬತ್ತು ಪಂದ್ಯ ಆಡಿಸಿ ಕಳಿಸಿದ್ದು ತಪ್ಪು.

ಕ್ಲಬ್ಬಿನವರು ಮಾಡಬೇಕಾದದ್ದು ದೊಡ್ಡದೇನಲ್ಲ. ಮುಂದೆ ಯಾವ ಕೋಚ್ ಬಂದರೂ ಆತನಿಂದ ಏನು ಬೇಕು, ಎಷ್ಟು ಕಾಲದಲ್ಲಿ ಬೇಕು, ಈ ನೆಲದ ಹುಡುಗರು ಎಷ್ಟು ಜನ ಆಡಬೇಕು ಎಂಬುದನ್ನು ಮೊದಲ ದಿನವೇ ಜನರ ಮುಂದೆ ಹೇಳಲಿ. ಲೆಕ್ಕವನ್ನು ಋತು ಮುಗಿದ ಮೇಲೆ ಕೇಳಲಿ. ಹಾಗೆಯೇ ಊರಿಗೆ ಒಂದೇ ಒಂದು ಸೂಪರ್ ಲೀಗ್ ಕಪ್ ತಂದುಕೊಟ್ಟವನಿಗೆ ಕಂಠೀರವದಲ್ಲಿ ಒಂದು ಶಾಲು, ಒಂದು ಹಾರ ಹಾಕಲಿ. ಮೈಸೂರು ಪೇಟ ತೊಡಿಸಿದರೂ ಖರ್ಚು ಒಬ್ಬ ವಿದೇಶಿ ಆಟಗಾರನ ಒಂದು ದಿನದ ಭತ್ಯೆಯನ್ನು ಮೀರದು.